ಬನ್ನೂರಿನ ಬಿಸಿಲು ಗೆದ್ದ ಪಂದ್ಯ

ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಏಳುವ ಮಣ್ಣಿನ ವಾಸನೆ ಬಂದರೆ ಈ ವಯಸ್ಸಿನಲ್ಲೂ ನಾನು ಕೈಯಲ್ಲಿದ್ದ ಲೋಟ ಕೆಳಗಿಡುತ್ತೇನೆ.

ಆಗ ನಾನು ಎಂಟನೇ ತರಗತಿ, ಬನ್ನೂರಿನ ನಮ್ಮ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಮಡಿಕೇರಿಯ ಹುಡುಗರು ಆಡಲು ಬಂದಿದ್ದರು. ಮೈದಾನದ ಮೂರು ಕಡೆಯೂ ಕಬ್ಬಿನ ಗದ್ದೆ. ಗಾಳಿಯೇ ಇರಲಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು. ಪಂದ್ಯ ನೋಡಲು ಬಂದಿದ್ದ ದೊಡ್ಡಪ್ಪ, "ಎದ್ರಬ್ಯಾಡ ಕಣ್ಲಾ. ಮಂಜಲ್ಲಿ ಬೆಳ್ದೋರು ಅವ್ರು. ಈ ಸೆಕೆಗೆ ಬೆಣ್ಣೆ ಕರಗ್ದಂಗೆ ಕರಗೋಯ್ತಾರೆ" ಎಂದರು.

ಅರ್ಧ ಆಟ ಮುಗಿದರೂ ಅವರು ಕರಗಲಿಲ್ಲ. ನಾವೇ ಏದುಸಿರು ಬಿಡುತ್ತಿದ್ದೆವು. ಯಾರದೂ ಗೋಲಾಗಿರಲಿಲ್ಲ. ಎರಡೂ ತಂಡಕ್ಕೆಂದು ಹೊಂಗೆ ಮರದಡಿ ಇಟ್ಟಿದ್ದ ನೀರಿನ ಹೊಸ ಮಡಕೆಯನ್ನು ನಾನು ಕಬ್ಬಿನೊಳಗೆ ಸಾಗಿಸಿದೆ. ನಮ್ಮವರು ಅಲ್ಲೇ ಕುಡಿದರು. ಅವರ ಕ್ಯಾಪ್ಟನ್ ನೀರು ಕೇಳಿದಾಗ, "ಮುಗ್ದೋಯ್ತು ಕಣೋ, ತರಕ್ಕೆ ಓಗವ್ರೆ" ಎಂದೆ. ಅವನು ನಂಬಿದ. ತನ್ನವರಿಗೂ ಸ್ವಲ್ಪ ತಾಳಿ ಎಂದ.

ಕೊನೆಗೆ ಅವರ ಕಾಲು ಸೋತವು. ನಾವು ಒಂದು ಗೋಲಿನಿಂದ ಗೆದ್ದೆವು. "ಏಳ್ನಿಲ್ವಾ, ನಮ್ಮೂರ ಬಿಸ್ಲು" ಎಂದು ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ, ಕಬ್ಬಿಗೆ ಬಿದ್ದಿದ್ದ ಚೆಂಡು ತರಲು ಹೋಗಿದ್ದ ಅವರ ಕ್ಯಾಪ್ಟನ್ ಮಡಕೆಯನ್ನೂ ಹೊತ್ತು ಬಂದ. ತಳದಲ್ಲಿ ಇನ್ನೂ ನೀರಿತ್ತು. ಅವನು ತನ್ನವರಿಗೆಲ್ಲ ಗುಟುಕು ಗುಟುಕು ಕುಡಿಸಿ, ತಾನು ಕುಡಿಯದೆ, ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದ.

"ತಗೋ, ನಿನಗೂ ಬಾಯಾರಿರಬೇಕು."

ದೊಡ್ಡಪ್ಪ ನೋಡುತ್ತಿದ್ದರು. ನಾನು ಕುಡಿದೆ.

ದೊಡ್ಡಪ್ಪ ಇರುವ ತನಕ ಆ ಬಿಸಿಲಿನ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳಿದರು. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ.