ಹತ್ತಕ್ಕೆ ಎಷ್ಟು?

ಲಾಕ್‌ಡೌನಿನಲ್ಲಿ ಸಿಕ್ಕ ಕೆಲಸ. ಮಲಗುವ ಕೋಣೆಯೇ ಆಫೀಸು. ಊರಿನ ಕೇಬಲ್ ಕಂಪನಿಗೆ ಬರುವ ದೂರುಗಳಿಗೆ ಅವಳು ಫೋನಿನಲ್ಲಿ ಉತ್ತರಿಸಬೇಕು, ಕೊನೆಗೆ ಅಂಕ ಕೇಳಬೇಕು. ಕಂಪನಿ ಅವಳಿಗಿಟ್ಟ ಹೆಸರು ಸ್ಪಂದನಾ. ಮನೆಯ ಸದ್ದು ಗ್ರಾಹಕರಿಗೆ ಕೇಳಿಸಕೂಡದು. ಇವತ್ತು ಇನ್ನೊಬ್ಬರು ಕಡಿಮೆ ಅಂಕ ಕೊಟ್ಟರೆ ನಾಳೆಯಿಂದ ಬರಬೇಡಿ ಎಂದಿದ್ದರು. ಎಲ್ಲಿಗೆ ಬರಬಾರದೆಂದು ಅವಳಿಗೆ ತಿಳಿಯಲಿಲ್ಲ.

"ನಮಸ್ಕಾರ, ನಾನು ಸ್ಪಂದನಾ. ಹೇಳಿ ಸರ್."

"ಏನು ಹೇಳೋದು? ಬೆಳಗ್ಗೆಯಿಂದ ಟಿವಿ ತುಂಬ ಬರೀ ಇರುವೆ ಓಡಾಡ್ತಿವೆ!"

ದನಿಯ ಗುರುತು ಸಿಕ್ಕಿತು. ಮಹಡಿ ಮೇಲಿನ ಮಾವ! ಸೊಸೆ ದಿನವಿಡೀ ಬಾಗಿಲು ಹಾಕಿಕೊಂಡು ಹರಟುತ್ತಾಳೆಂದು ನೆಂಟರಿಗೆಲ್ಲ ದೂರಿದವರು. ಮಾತೆಲ್ಲ ರೆಕಾರ್ಡ್ ಆಗುತ್ತಿತ್ತು, ನಾನೇ ಎನ್ನುವಂತಿರಲಿಲ್ಲ. ದನಿಯನ್ನು ಇನ್ನಷ್ಟು ತೆಳುವಾಗಿಸಿದಳು.

"ಸೆಟ್‌ಟಾಪ್ ಬಾಕ್ಸಿನಲ್ಲಿರೋ ಕಾರ್ಡ್ ತೆಗೆದು, ಒರೆಸಿ, ಮತ್ತೆ ಹಾಕಿ ಸರ್."

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

"ಏನಮ್ಮಾ ಅದು ಸದ್ದು?"

"ಲೈನಿನ ತೊಂದರೆ, ಸರ್."

ಕುಕ್ಕರ್ ಮತ್ತೆ ಕೂಗಿತು.

"ಲೈನಿನಲ್ಲಿ ಬೇಳೆ ಬೇಯಕ್ಕೆ ಇಟ್ಟಿದ್ದೀರಾ?"

ಅವಳು ಫೋನಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಮೇಲೆ ವಾರ್ತೆ ಮೊಳಗಿತು. "ಹಾಂ, ಬಂತು ಬಂತು!"

"ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ, ಸರ್?" ಅವಳು ಕಣ್ಣು ಮುಚ್ಚಿ ಕೇಳಿದಳು.

ಮೇಲೆ ವಾರ್ತೆಯ ಸದ್ದು ತಗ್ಗಿತು. ಕುಕ್ಕರಿನ ಮೂರನೆಯ ಕೂಗು ಮನೆಯನ್ನೆಲ್ಲ ತುಂಬಿತು.

"ಹತ್ತು. ಬರ್ಕೊಳ್ಳಿ."

ಫೋನು ಕಟ್ಟಾಯಿತು. ಮೆಟ್ಟಿಲಿಳಿದ ಹೆಜ್ಜೆಗಳು ಅಡುಗೆಮನೆಗೆ ಹೋಗಿ, ಅವಳ ಬಾಗಿಲ ಹೊರಗೆ ಬಂದು ನಿಂತವು.

"ಒಲೆ ಆರಿಸಿದ್ದೀನಿ, ನೀನು ಏಳ್ಬೇಡ. ಮುಂದಿನ ಫೋನು ತಗೋ, ಸ್ಪಂದನಾ."