ಸದ್ದಿಲ್ಲದ ಎಂಜಿನ್

ಶ್ರೀಶೈಲಪ್ಪ ಅಂಗಡಿ ಎಂಬ ಎಂಜಿನಿಯರ್... ಒಂದು ಮೋಟಾರ್‌ಸೈಕಲ್ ಕಂಪನಿಯಲ್ಲಿ ಎಂಜಿನ್ ಡಿಸೈನ್ ಮಾಡುತ್ತಿದ್ದರು.

ದೂರದ ಟೂರ್‌ಗೆ ಹೋಗುವ ಬೈಕ್‌ಗಳಿಗೆ ಹೊಸ ತಲೆಮಾರಿನ ಎಂಜಿನ್ ಬೇಕು ಎಂದಾಗ, ಆ ಕೆಲಸವನ್ನು ತಾವಾಗಿಯೇ ಕೇಳಿ ಪಡೆದರು.

ಅವರದು ಒಂದೇ ಹಟ... ಇದು ಸದ್ದು ಮಾಡಬಾರದು. ಯಾಕೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ.

ಹಿಂದೊಮ್ಮೆ ಹೆಂಡತಿ ಸುವರ್ಣಾಳನ್ನು ಕೂರಿಸಿಕೊಂಡು ಬೈಕಿನಲ್ಲಿ ಗೋಕರ್ಣಕ್ಕೆ ಹೊರಟಿದ್ದರು. ಘಾಟಿಯಲ್ಲಿ ಆಕೆ ಬೆನ್ನ ಹಿಂದಿನಿಂದ ಏನೋ ಹೇಳಿದಳು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಇಳಿದ ಮೇಲೆ ಕೇಳಿದರಾಯಿತು ಎಂದು ಮುಂದೆ ಹೋದರು...

ಸ್ವಲ್ಪ ದೂರದಲ್ಲಿ ಆಕೆಯ ತಲೆ ಅವರ ಭುಜಕ್ಕೆ ವಾಲಿತು. ಹೃದಯಾಘಾತ... ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಅಂದಿನಿಂದ ಹೆಲ್ಮೆಟ್ ಹಾಕಿದರೆ ಸಾಕು... ಕಿವಿಯ ಹಿಂದೆ ಅದೇ ದನಿ. ಮಾತು ಮಾತ್ರ ಸ್ಪಷ್ಟವಾಗುವುದಿಲ್ಲ.

ಕೊನೆಗೂ ಎಂಜಿನ್ ಸಿದ್ಧವಾಯಿತು. ಮಗಳು ಅಕ್ಷತಾಳನ್ನು ಹಿಂದೆ ಕೂರಿಸಿಕೊಂಡು ನರಗುಂದದ ರಸ್ತೆಗೆ ಇಳಿದರು. ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ...

ಆಗ ಹಿಂದಿನಿಂದ ಒಂದು ದನಿ.

ಗಾಡಿ ನಿಲ್ಲಿಸಿ ತಿರುಗಿದರೆ, ಅಕ್ಷತಾ ಅಳುತ್ತಿದ್ದಳು.

ಅವರು ಗಾಬರಿಯಲ್ಲಿ ಘಾಟಿಯ ಆ ದಿನವನ್ನು ಮೊದಲ ಸಲ ಮಗಳಿಗೆ ಹೇಳಿಬಿಟ್ಟರು. ಆ ಹಾಳು ಸದ್ದು ಇರದಿದ್ದರೆ ನಿಮ್ಮವ್ವ ಉಳಿಯುತ್ತಿದ್ದಳು, ಅದಕ್ಕೇ ಈ ಎಂಜಿನ್ ಮಾಡಿದೆ ಎಂದರು.

ಅವಳು ಕಣ್ಣೊರೆಸಿಕೊಂಡು ಗಾಡಿಯಿಂದ ಇಳಿದಳು.

"ಅಪ್ಪಾ, ಅವ್ವ ಗಾಡಿ ಮ್ಯಾಲ ಕುಂತಾಗೆಲ್ಲಾ ನಿಮ್ಮ ಬೆನ್ನಿಗೆ ಮಾತಾಡ್ತಿದ್ಲು. ಮನ್ಯಾಗ ಹೇಳಿದ್ರೂ ನಿಮ್ಮಪ್ಪಗ ಕೇಳಸೂದಿಲ್ಲ, ಅಲ್ಲಾದ್ರೂ ಹೇಳ್ಕೋತೀನಿ ಅಂತ ನನ್ನ ಮುಂದ ಅಂತಿದ್ಲು... ಮನ್ಯಾಗ ಯಾವ ಎಂಜಿನ್ ಇತ್ತರಿ?"

ಶ್ರೀಶೈಲಪ್ಪನವರು ಹೆಲ್ಮೆಟ್ ತೆಗೆದರು. ಎದೆನೋವು ಎಂದು ಸುವರ್ಣಾ ಅಂದು ಮನೆಯಲ್ಲೇ ಹೇಳಿದ್ದಳೇನೋ... ಅದೂ ನೆನಪಿಲ್ಲ. ಕಣ್ಣು ತುಂಬಿ ರಸ್ತೆ ಮಸುಕಾಯಿತು.

"ಈಗ ಗಾಡಿ ಮ್ಯಾಲ ನೀ ಏನಂದಿ?" ಮೆಲ್ಲಗೆ ಕೇಳಿದರು.

"ನೀವು ಲ್ಯಾಬ್‌ನಾಗ ಇದ್ದಾಗ ಮನ್ಯಾಗ ನನಗ ಒಬ್ಬಾಕಿಗೆ ಹೆದರಿಕಿ ಆಗತೈತಿ ಅಂದೆ. ಭಾಳ ದಿನದಿಂದ ಅನ್ನಾಕತ್ತೀನಿ."

ಅವರು ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದರು. ಟೆಸ್ಟ್ ಹೇಗಾಯಿತು ಎಂದು ಆಫೀಸಿನಿಂದ ಮೇಲಿಂದ ಮೇಲೆ ಫೋನ್ ಬಂತು, ಎತ್ತಲಿಲ್ಲ. ರಸ್ತೆ ಬದಿಯ ಬೇವಿನ ಮರದ ಕೆಳಗೆ ಅವಳು ಮಾತಾಡುತ್ತಲೇ ಹೋದಳು... ಅವರು ಕೇಳುತ್ತಲೇ ಕುಳಿತರು.

ಸುವರ್ಣಾ ಏನು ಹೇಳಿದ್ದಳೋ, ಅವರಿಗೆ ಇಂದಿಗೂ ಗೊತ್ತಿಲ್ಲ. ಆ ದನಿ ಈಗಲೂ ಬರುತ್ತದೆ.

ಬಂದಾಗಲೆಲ್ಲ ಗಾಡಿಯನ್ನು ಬದಿಗೆ ಹಾಕಿ ಮಗಳಿಗೆ ಫೋನ್ ಮಾಡುತ್ತಾರೆ...

*ನಮ್ಮವರ ಮಾತು ಕೇಳಿಸದಿರುವುದು ಸದ್ದಿನಿಂದಲ್ಲ... ನಾವು ಕಿವಿಗೊಡದಿರುವುದರಿಂದ.*

ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಯಾರೋ ನಿಮಗೆ ಏನೋ ಹೇಳಿದರು... ಅದೇನೆಂದು ನೆನಪಿದೆಯಾ?