ಯಾರೂ ಸಾಯದ ಸಿನಿಮಾ

"ಕೊನೇಲಿ ಯಾರೂ ಸಾಯಲ್ಲ ತಾನೆ ಮೇಷ್ಟ್ರೇ?" ಹಿತ್ತಲ ಬಾಗಿಲಲ್ಲಿ ನಿಂತು ಸೌಂದರ್ಯ ಫೋನಿನಲ್ಲಿ ಪಿಸುಗುಟ್ಟಿದಳು.

ಆ ಕಡೆ ಗೌರೀಶ್ ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ರಾವಂದೂರಿನ ಸುತ್ತಮುತ್ತ ಯಾರಿಗೇ ಆಗಲಿ, ಮನೆಯಲ್ಲಿ ಕೂತು ನೋಡಲು ಮನಸ್ಸಿಗೆ ಹಿತವಾಗುವಂಥ ಸಿನಿಮಾ ಬೇಕೆಂದರೆ ಅವರನ್ನೇ ಕೇಳುವುದು ವಾಡಿಕೆ. "ನಾಯಿ ಸಾಯ್ತದೆ ಕಣವ್ವ. ಆದ್ರೆ ಬಾಳ ಚೆನ್ನಾಗದೆ."

"ನಾಯೀನೂ ಬ್ಯಾಡಿ. ಬೇರೆ ಹೇಳಿ, ಬೇಗ."

"ಇಬ್ರು ಸ್ನೇಹಿತ್ರು ಸೇರಿ ಓಟ್ಲು ಮಾಡ್ತಾರೆ, ಅದ್ರಲ್ಲಿ ಒಬ್ಬ..."

"ಸ್ನೇಹಿತ್ರುದಂತೂ ಬ್ಯಾಡ್ವೇ ಬ್ಯಾಡ!" ಗಂಟೆ ಮೂರಾಗಿತ್ತು. ನಾಲ್ಕಕ್ಕೆ ಚೆಲುವರಾಜುವಿನ ಹೆಣ ಎತ್ತುತ್ತಾರೆ. ಮೇಲಿನ ಬೀದಿಯ ಅವನ ಮನೆಯಿಂದ ಮಣ್ಣು ಮಾಡುವ ಹೊಲಕ್ಕೆ ಇರುವುದು ಒಂದೇ ದಾರಿ. ಅದು ಹಾಳಾಗಿಹೋಗಲಿ, ಇವಳ ಮನೆ ಬಾಗಿಲಿಗೇ ತಾಗಿಕೊಂಡಿತ್ತು. ತನ್ನ ಜೀವದ ಗೆಳೆಯ ಚೆಲುವರಾಜು ನಿನ್ನೆ ಬಿಳಿಕೆರೆ ಹತ್ತಿರ ಲಾರಿಗೆ ಸಿಕ್ಕಿ ಸತ್ತನೆಂಬುದು ಒಳಗೆ ಮಲಗಿದ್ದ ಗಂಡ ಶಶಿಕುಮಾರನಿಗೆ ಗೊತ್ತಿರಲಿಲ್ಲ.

ಗೊತ್ತಾಗಲೂ ಕೂಡದು. ಎದೆಗೆ ಸ್ಟೆಂಟ್ ಹಾಕಿಸಿಕೊಂಡು ಬಂದು ಇನ್ನೂ ಎಂಟೇ ದಿನ. "ಯಾವ ಆಘಾತವೂ ಆಗಬಾರದು. ಒಳ್ಳೊಳ್ಳೆ ಸಿನಿಮಾ ತೋರಿಸಿ, ನಗುನಗುತ್ತಾ ಇರಲಿ" ಎಂದಿದ್ದರು ಮೈಸೂರಿನ ಡಾಕ್ಟರು. ಅವರಿಗೇನು, ಹೇಳಿ ಕೈ ತೊಳೆದುಕೊಂಡರು. ಗಂಡನ ಫೋನನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟು, ಬಂದವರಿಗೆಲ್ಲ ಕಣ್ಸನ್ನೆ ಮಾಡಿ, ನಿನ್ನೆಯಿಂದ ಅತ್ತರೂ ಒಲೆ ಮುಂದೆಯೇ ಅತ್ತು ಅವಳು ಸುಸ್ತಾಗಿದ್ದಳು.

"ಇದು ನೋಡವ್ವ," ಮೇಷ್ಟ್ರು ಹೇಳಿದರು. "ಮದ್ವೆ ಮನೇಲಿ ಅಡ್ಗೆಯೋನು ಓಡೋಯ್ತಾನೆ. ಬೀಗ್ರೇ ಸೌಟು ಹಿಡೀತಾರೆ. ಮಲಯಾಳದ್ದು, ಕನ್ನಡಕ್ಕೆ ಡಬ್ ಆಗದೆ. ಎಲ್ರೂ ಕೊನೆವರ್ಗೂ ಬದ್ಕಿರ್ತಾರೆ. ಸೌಂಡು ಜೋರಾಗಿ ಮಡಗು."

ಸೌಂದರ್ಯ ಕಿಟಕಿಗಳನ್ನೆಲ್ಲ ಮುಚ್ಚಿ, ಮುಂಬಾಗಿಲಿಗೆ ಅಗುಳಿ ಜಡಿದು ಟೀವಿ ಹಚ್ಚಿದಳು. ನೆಟ್ಟು ಸಿಗದೆ ತೆರೆಯ ಮೇಲೆ ಬಿಳಿ ಚಕ್ರ ಸುತ್ತತೊಡಗಿತು. ಮೂರೂ ಕಾಲು. ಮೂರೂವರೆ. ಅವಳು ಕೂತಳು, ಎದ್ದಳು, ಅಗುಳಿ ಮುಟ್ಟಿ ನೋಡಿ ಮತ್ತೆ ಬಂದು ಕೂತಳು.

"ಬಾಗ್ಲು ಯಾಕೆ ಆಕ್ದೆ? ಸೆಕೆ ಕಣೆ," ಶಶಿಕುಮಾರ ಮಗ್ಗುಲು ಬದಲಿಸಿದ.

"ಸೊಳ್ಳೆ."

"ಅಗಲೊತ್ನಲ್ಲಿ ಸೊಳ್ಳೇನಾ?" ಅವನು ಅವಳ ಮುಖವನ್ನೇ ನೋಡಿದ. "ಚೆಲುವ ಇವತ್ತೂ ಬರ್ನಿಲ್ವಲ್ಲ. ಬ್ಯಾರನ್‌ಗೆ ಸೊಪ್ಪು ಏರ್ಸವ್ನೋ ಇಲ್ವೋ." ಹೊಗೆಸೊಪ್ಪು ಬೇಯಿಸಲು ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಬ್ಯಾರನ್ನು.

"ಎಲ್ಲಾ ಏರ್ಸವ್ರೆ. ನೀವು ಸಿನಿಮಾ ನೋಡಿ ಮದ್ಲು."

ಚಕ್ರ ನಿಂತು ಮದುವೆ ಮನೆ ಬಂತು. ಗಂಡಿನ ಅಪ್ಪ ಸಾರಿಗೆ ಉಪ್ಪೆಂದು ಸಕ್ಕರೆ ಸುರಿದಾಗ ಶಶಿಕುಮಾರ ನಕ್ಕ. ಎಂಟು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕ. ಆ ನಗುವಿಗಾಗಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ, ಈಗ ಅದನ್ನು ಕೇಳಲಾರದೆ ಸೌಂದರ್ಯ ಗೋಡೆಯತ್ತ ಮುಖ ತಿರುಗಿಸಿದಳು. ಮೇಲಿನ ಬೀದಿಯಲ್ಲಿ ಗೆಳೆಯನನ್ನು ಚಟ್ಟಕ್ಕೆ ಕಟ್ಟುತ್ತಿದ್ದಾರೆ, ಇಲ್ಲಿ ತಾನು ಇವನನ್ನು ನಗಿಸುತ್ತಿದ್ದೇನೆ. ಇದು ಪುಣ್ಯವೋ ಪಾಪವೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ತಮಟೆ ಕೇಳಿಸಿತು. ಅವಳು ರಿಮೋಟು ಒತ್ತಿ ಸೌಂಡು ಏರಿಸಿದಳು.

"ಯಾರು ತೀರೋದ್ರು?"

"ಮೇಲಿನ ಬೀದಿ ಮಾಯಮ್ಮಜ್ಜಿ." ನಾಲಿಗೆಗೆ ಬಂದ ಹೆಸರು. ಬೆಳಿಗ್ಗೆ ತಾನೇ ಜಗಲಿಯಲ್ಲಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದ ಮುದುಕಿಯನ್ನು ಅವಳು ಒಂದೇ ಮಾತಿನಲ್ಲಿ ಸಾಯಿಸಿದ್ದಳು.

"ತೊಂಬತ್ತು ವರ್ಸ ಬಾಳ್ತು, ಬುಡು," ಎಂದು ಅವನು ಮತ್ತೆ ಟೀವಿಯತ್ತ ತಿರುಗಿದ. ಅವಳಿಗೆ ಹೋದ ಜೀವ ಬಂದಂತಾಯಿತು.

ತಮಟೆ ಹತ್ತಿರ ಬಂತು. ಅರಳಿಕಟ್ಟೆ ದಾಟಿತು, ಪಕ್ಕದ ಮನೆಗೆ ಬಂತು. ಇನ್ನೇನು ನಾಲ್ಕು ಹೆಜ್ಜೆ, ದಾಟಿಹೋದರೆ ಸಾಕು ಎಂದು ಅವಳು ಉಸಿರು ಬಿಗಿಹಿಡಿದಳು. ಆಗ ತಮಟೆ ಗಕ್ಕನೆ ನಿಂತಿತು. ಟೀವಿಯ ಗದ್ದಲದ ಸಂದಿನಲ್ಲಿ ಹತ್ತಾರು ಕಾಲುಗಳು ಮಣ್ಣಿನಲ್ಲಿ ಮೆಲ್ಲಗೆ ಸವರಿಕೊಂಡು ಹೋಗುವ ಸದ್ದು ಮಾತ್ರ ಉಳಿಯಿತು. ಒಳಗೆ ಕಾಯಿಲೆಯವನಿದ್ದಾನೆ, ಅವನಿಗೆ ತಿಳಿಯದಿರಲಿ ಎಂದು ಊರಿನವರು ತಾವಾಗಿಯೇ ದೊಡ್ಡ ಮನಸ್ಸು ಮಾಡಿದ್ದರು. ಅವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದು ಅವಳಿಗನ್ನಿಸಿತು.

ಶಶಿಕುಮಾರ ಅವಳ ಕೈಯಿಂದ ರಿಮೋಟು ತೆಗೆದುಕೊಂಡು ಟೀವಿ ಆರಿಸಿದ. "ಮಾಯಮ್ಮಜ್ಜೀಗೆ ನಮ್ಮನೆ ಮುಂದೆ ತಮಟೆ ಯಾಕೆ ನಿಲ್ಲುಸ್ತಾರೆ?"

ಅವಳು ರಿಮೋಟಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ.

"ಚೆಲುವ ತಾನೆ?"

ಅವಳು ನಿಂತಲ್ಲೇ ಕುಸಿದು ಅವನ ಕಾಲು ಹಿಡಿದುಕೊಂಡಳು. "ಏಳ್ಬ್ಯಾಡಿ, ನಿಮ್ಮ ದಮ್ಮಯ್ಯ. ಡಾಕ್ಟ್ರು ಹೇಳವ್ರೆ..."

ಶಶಿಕುಮಾರ ಒಂದು ಕೈಯನ್ನು ಎದೆಗೆ, ಒಂದು ಕೈಯನ್ನು ಗೋಡೆಗೆ ಕೊಟ್ಟು ಎದ್ದು ನಿಂತ. ಹೊರಗೆ ಹೆಜ್ಜೆಗಳು ಬಾಗಿಲ ನೇರಕ್ಕೆ ಬಂದಿದ್ದವು.

"ಅಗುಳಿ ತಗಿ ಸೌಂದರ್ಯ. ಒಂದಿನಾನೂ ನನ್ನ ಮಾತಾಡುಸ್ದೆ ಈ ಬಾಗ್ಲು ದಾಟ್ದೋನಲ್ಲ ಅವ್ನು. ಇವತ್ತು ನಾನೇ ಮಾತಾಡುಸ್ಬೇಕು."